ಕೈಕೆಲಸದ ಮಾಲು ಮಾರಿಕೊಡುವವರನ್ನು ಹುಡುಕುವುದು ಹೇಗೆ?

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ನಮ್ಮ ಶೆಡ್‌ನಲ್ಲಿ ಕಾಫಿ ಮರದ ಚಮಚ, ಕೀಚೈನ್ ಮಾಡುತ್ತೇವೆ. ತೋಟದವರು ಹಳೇ ಗಿಡ ಕಿತ್ತಾಗ ಸಿಗುವ ಬೊಡ್ಡೆಯೇ ನಮ್ಮ ಸಾಮಗ್ರಿ. ಮಾಡುವವರೇ ಅಂಗಡಿ ಅಂಗಡಿ ಅಲೆದರೆ ಕೆಲಸ ನಿಲ್ಲುತ್ತದೆ. ಹಾಗಾಗಿ ಕಮಿಷನ್ ಮೇಲೆ ಮಾರಿಕೊಡುವ ಒಬ್ಬರು ಬೇಕೇ ಬೇಕು.

ಹುಡುಕುವ ಮೊದಲು ರೇಟು ಕೂತು ಲೆಕ್ಕ ಹಾಕಿ. ಚಮಚ ಗಿರಾಕಿಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಯವರಿಗೆ 120ಕ್ಕೆ ಕೊಟ್ಟರೆ, ಅದರಲ್ಲಿ ಶೇ 15 ಕಮಿಷನ್ ಅಂದರೆ 18 ರೂಪಾಯಿ ಏಜೆಂಟ್‌ಗೆ. ನಿಮಗೆ ಉಳಿಯುವುದು 102. ಮರ, ಎಣ್ಣೆ, ಕರೆಂಟು, ನಿಮ್ಮ ಕೂಲಿ, ಲಾಭ ಎಲ್ಲ ಅದರೊಳಗೇ ಬರಬೇಕು. ಬರದಿದ್ದರೆ ಬೆಲೆ ಸರಿಮಾಡಿ, ಆಮೇಲೆ ಏಜೆಂಟ್ ಹುಡುಕಿ. ನಿಮ್ಮ ಕೂಲಿಯನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಜನ ಎಲ್ಲಿ ಸಿಗುತ್ತಾರೆ? ನಿಮ್ಮ ಮಾಲು ಇಡಬೇಕಾದ ಅಂಗಡಿಗಳಿಗೆ ಈಗಾಗಲೇ ಲೈನ್ ಹೋಗುವವರಲ್ಲೇ, ಅಂದರೆ ಒಂದು ದಾರಿ ಹಿಡಿದು ಅಂಗಡಿ ಅಂಗಡಿಗೆ ಮಾಲು ಹಾಕುವವರಲ್ಲೇ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಜೇನುತುಪ್ಪ, ಮಸಾಲೆ, ಚಾಕೊಲೇಟ್ ಹಾಕುವವರನ್ನು ನೋಡಿ. ಅವರ ಗಾಡಿ ಹೇಗೂ ಓಡುತ್ತಿರುತ್ತದೆ, ನಿಮ್ಮದೊಂದು ಡಬ್ಬ ಹೆಚ್ಚಾಗುತ್ತದೆ ಅಷ್ಟೇ. ಯಾರು ಒಳ್ಳೆಯವರು ಎಂದು ಅಂಗಡಿಯವರನ್ನೇ ಕೇಳಿ: "ಹೇಳಿದ ದಿನಕ್ಕೆ ಬರೋರು ಯಾರು ಅಣ್ಣಾ? ಹಾಳಾದ ಮಾಲು ತಕರಾರಿಲ್ಲದೆ ವಾಪಸ್ ತಗೊಳ್ಳೋರು ಯಾರು?" ಎರಡು ಮೂರು ಕಡೆ ಒಂದೇ ಹೆಸರು ಬಂದರೆ ಅವರಿಗೆ ಫೋನ್ ಮಾಡಿ. ಮಾತಿನ ಮಲ್ಲರಿಗಿಂತ ಇಂಥವರೇ ವಾಸಿ.

ಬೇಲೂರು, ಹಳೇಬೀಡಿನ ದೇವಸ್ಥಾನಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ, ಪ್ರವಾಸಿಗರೂ ಬರುತ್ತಾರೆ. ಆದರೂ ನನ್ನ ಕೇಳಿದರೆ ಮೊದಲು ಕಾಫಿಪುಡಿ ಅಂಗಡಿ, ಹೋಮ್‌ಸ್ಟೇಗಳನ್ನು ಹಿಡಿಯಿರಿ. ಪುಡಿ ಕಟ್ಟಿಸಿಕೊಳ್ಳುತ್ತಿರುವವರಿಗೆ ಅದೇ ಗಿಡದ ಚಮಚ ತೋರಿಸಿದರೆ ಜಾಸ್ತಿ ವಿವರಿಸಬೇಕಿಲ್ಲ, ಅಲ್ವಾ?

ಒಪ್ಪಿದವರನ್ನು ಒಂದು ದಿನ ಶೆಡ್‌ಗೆ ಕರೆಯಿರಿ. ಬೊಡ್ಡೆ ಚೆನ್ನಾಗಿ ಒಣಗದಿದ್ದರೆ ಯಾಕೆ ಸೀಳು ಬಿಡುತ್ತದೆ, ಒಂದು ಚಮಚದ ಹಾಗೆ ಇನ್ನೊಂದು ಯಾಕಿಲ್ಲ, ಇದನ್ನೆಲ್ಲ ಕಣ್ಣಾರೆ ನೋಡಲಿ. ಇಲ್ಲದಿದ್ದರೆ ಅಂಗಡಿಯವರು "ಸೈಜು ಒಂದೇ ಸಮ ಇಲ್ಲ" ಎಂದಾಗ ಏಜೆಂಟ್ ಹತ್ತಿರ ಉತ್ತರವಿರುವುದಿಲ್ಲ.

ಪರಿಚಯದವರಾದರೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಯಾವ ಲೈನ್ ಅವರದು, ಸ್ಯಾಂಪಲ್ ಯಾರದು, ಮುರಿದರೆ ನಷ್ಟ ಯಾರಿಗೆ ಎಂದು ಬರೆಯಿರಿ. ಬಿಲ್ ನಿಮ್ಮ ಹೆಸರಲ್ಲೇ ಇರಲಿ, ದುಡ್ಡು ನೇರ ನಿಮ್ಮ ಖಾತೆಗೆ ಬರಲಿ. ಆರ್ಡರ್ ಬಂದಾಗ ಅಲ್ಲ, ದುಡ್ಡು ಬಂದಾಗ ಕಮಿಷನ್. ಅದೇ ಅಂಗಡಿ ಮತ್ತೆ ಆರ್ಡರ್ ಕೊಟ್ಟರೆ ಆಗಲೂ ಕಮಿಷನ್ ಅವರಿಗೆ ಸೇರಬೇಕು. ಇದರಲ್ಲಿ ಜಿಪುಣತನ ಮಾಡಿದರೆ ಒಳ್ಳೆಯವರು ಉಳಿಯುವುದಿಲ್ಲ. ಮೊದಲ ಮೂರು ತಿಂಗಳು ಪ್ರಯೋಗ ಎಂದು ಸೇರಿಸಿ.

ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯ ಪೆಹಚಾನ್ ಕಾರ್ಡ್ (ಕುಶಲಕರ್ಮಿಗಳ ಗುರುತಿನ ಚೀಟಿ) ಮಾಡಿಸಿಕೊಳ್ಳಿ. ಸರ್ಕಾರಿ ಮೇಳಗಳಿಗೆ ಅರ್ಜಿ ಹಾಕುವಾಗ ಬೇಕಾಗುತ್ತದೆ. ಮೇಳಗಳಲ್ಲಿ ದೂರದ ಊರಿನ ಅಂಗಡಿಯವರೂ ಸಿಗುತ್ತಾರೆ.

ತಿಂಗಳಿಗೆ ಎಷ್ಟು ಮಾಡಬಲ್ಲಿರಿ ಎನ್ನುವುದನ್ನು ಏಜೆಂಟ್‌ಗೆ ಮೊದಲೇ ಹೇಳಿ. ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಒಣಗುವುದೇ ಕಷ್ಟ, ಬೂಸ್ಟು ಬೇರೆ ಹಿಡಿಯುತ್ತದೆ. ಆ ತಿಂಗಳುಗಳ ಲೆಕ್ಕ ಬೇರೆಯೇ ಕೊಡಿ. ದಸರಾ ರಜೆಯ ಮಾಲಿಗೆ ಬೇಸಿಗೆಯಲ್ಲೇ ಬೊಡ್ಡೆ ಒಣಗಿಸಿಡಿ.