ವಿಮಾನದಲ್ಲಿ ಕ್ಯಾಮೆರಾ ಒಯ್ಯುವಾಗ: ಮೊದಲು ತೂಕ, ಆಮೇಲೆ ಬ್ಯಾಟರಿ

ಕ್ಯಾಮೆರಾ, ಲೆನ್ಸು ಚೆಕ್-ಇನ್ ಲಗೇಜಿಗೆ ಹೋಗಲೇಬಾರದು. ಒಡೆದರೆ, ಕಳೆದರೆ ಪರಿಹಾರ ಸಿಗುವುದು ಕಷ್ಟ. ಬೆಲೆಬಾಳುವ ವಸ್ತುಗಳ ಹೊಣೆ ನಮ್ಮದಲ್ಲ ಎಂದು ಟಿಕೆಟ್ಟಿನ ಷರತ್ತಿನಲ್ಲೇ ಬರೆದಿರುತ್ತಾರೆ.

ದೇಶದೊಳಗಿನ ಎಕಾನಮಿ ಟಿಕೆಟ್ಟಿಗೆ ಕ್ಯಾಬಿನ್ ಬ್ಯಾಗಿನ ಮಿತಿ ಸಾಮಾನ್ಯವಾಗಿ 7 ಕೆ.ಜಿ. ಎರಡು ಸೋನಿ ಎ7 ಮಾರ್ಕ್ 4 ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಸೇರಿ ಸುಮಾರು 1.3 ಕೆ.ಜಿ., ಸೋನಿಯದೇ 24–70 ಜಿಎಂ 2 ಲೆನ್ಸ್ 695 ಗ್ರಾಂ, 70–200 ಜಿಎಂ 2 ಲೆನ್ಸ್ 1,045 ಗ್ರಾಂ. ಅಲ್ಲಿಗೇ 3 ಕೆ.ಜಿ. ಆಯಿತು. ಖಾಲಿ ಬ್ಯಾಗು 2 ಕೆ.ಜಿ. ಇದ್ದರೆ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕಿಗೆ ಉಳಿಯುವುದು ಎರಡೇ ಕೆ.ಜಿ. ಹಾಗಾಗಿ ಚಕ್ರದ ಬ್ಯಾಗು ಬೇಡ, ಹಗುರವಾದ ಬ್ಯಾಕ್‌ಪ್ಯಾಕ್ ಸಾಕು. ಮನೆಯಲ್ಲೇ ತೂಗಿ ನೋಡಿ. ಟ್ರೈಪಾಡ್, ಲೈಟ್ ಸ್ಟ್ಯಾಂಡ್, ಚಾರ್ಜರ್ ಸೂಟ್‌ಕೇಸಿಗೆ ಹೋಗಲಿ. ಟ್ರೈಪಾಡಿನ ಹೆಡ್ (ಕ್ಯಾಮೆರಾ ಕೂರಿಸುವ ಮೇಲ್ಭಾಗ) ಬಿಚ್ಚಿ, ದಪ್ಪ ಬಟ್ಟೆಯಲ್ಲಿ ಸುತ್ತಿ ನಡುವೆ ಇಡಿ. ಉದ್ದ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿಕೊಂಡೇ ತುಂಬಬೇಡಿ. ಬ್ಯಾಗು ಕುಕ್ಕಿದಾಗ ಪೆಟ್ಟು ಬೀಳುವುದು ಲೆನ್ಸು ಕೂರುವ ಮೌಂಟಿಗೆ.

ಬಿಡಿ ಬ್ಯಾಟರಿ ಚೆಕ್-ಇನ್‌ಗೆ ನಿಷಿದ್ಧ. ಕಾರ್ಗೋದಲ್ಲಿ ಹೊತ್ತಿಕೊಂಡರೆ ಸಿಬ್ಬಂದಿಯ ಕೈಗೆಟಕದು. ಪ್ರತಿ ಬ್ಯಾಟರಿಯ ಲೋಹದ ತುದಿಗಳಿಗೆ ಟೇಪ್ ಅಂಟಿಸಿ, ಇಲ್ಲವೇ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಬೀಗದಕೈ, ನಾಣ್ಯ ತಗುಲಿದರೆ ಶಾರ್ಟ್ ಆಗುತ್ತದೆ. ಬ್ಯಾಟರಿಯ ಶಕ್ತಿಯ ಅಳತೆ ವ್ಯಾಟ್-ಅವರ್; ಅದು 100ರವರೆಗೆ ಇದ್ದರೆ ಅನುಮತಿ ಬೇಡ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಬಿಡಿಯಾಗಿ ಎರಡೇ ಒಯ್ಯಬಹುದು. ವ್ಯಾಟ್-ಅವರ್ ಬರೆದಿಲ್ಲವೇ? ಬ್ಯಾಟರಿಯ ಮೇಲಿನ ಎಂಎಎಚ್ (mAh) ಸಂಖ್ಯೆಯನ್ನು ವೋಲ್ಟೇಜಿನಿಂದ ಗುಣಿಸಿ 1000ದಿಂದ ಭಾಗಿಸಿ. ಸೋನಿಯ ಎಫ್‌ಝಡ್100 ಬ್ಯಾಟರಿಗೆ: 2280 × 7.2 ÷ 1000, ಅಂದರೆ ಸುಮಾರು 16.4.

ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೊರಡುವ ಮುನ್ನ ಟರ್ಮಿನಲ್ 1ಓ 2ಓ ನೋಡಿಕೊಳ್ಳಿ. ಭದ್ರತಾ ತಪಾಸಣೆಯಲ್ಲಿ ಬಾಡಿ, ಲೆನ್ಸು ಟ್ರೇಗೆ ಹಾಕಿ ಎಂದರೆ ಸರಕ್ಕನೆ ತೆಗೆಯುವಂತಿರಲಿ. ಬ್ಯಾಟರಿಗಳು ಒಂದೇ ಪಾರದರ್ಶಕ ಪೌಚಿನಲ್ಲಿರಲಿ. ಫಿಲ್ಮ್ ಇದ್ದರೆ ಕೈಯಲ್ಲೇ ಪರೀಕ್ಷಿಸುವಂತೆ ಮೊದಲೇ ಕೇಳಿಕೊಳ್ಳಿ, ಬ್ಯಾಗು ತಪಾಸಿಸುವ ಸಿಟಿ ಸ್ಕ್ಯಾನರಿನ ಎಕ್ಸ್‌ರೇ ಫಿಲ್ಮನ್ನು ಮಸುಕು ಮಾಡುತ್ತದೆ. ಎಟಿಆರ್‌ನಂಥ ಪುಟ್ಟ ವಿಮಾನದ ಮೇಲಿನ ಗೂಡು ಚಿಕ್ಕದು; ಬಾಗಿಲಲ್ಲಿ ಬ್ಯಾಗು ಕೇಳಿದರೆ ಬ್ಯಾಟರಿ ಪೌಚು, ಬಾಡಿ, ಮೆಮೊರಿ ಕಾರ್ಡು ತೆಗೆದುಕೊಂಡೇ ಕೊಡಿ.

ವಿದೇಶಕ್ಕಾದರೆ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಬಿಲ್ಲು, ಸೀರಿಯಲ್ ನಂಬರ್ ಪಟ್ಟಿ, ಸಾಮಾನು ಮೂರೂ ಕೈಯಲ್ಲಿರಬೇಕು. ಅದಿಲ್ಲದಿದ್ದರೆ ವಾಪಸು ಬರುವಾಗ ಹೊರಗೆ ಕೊಂಡದ್ದೆಂದು ಸುಂಕ ಕೇಳಬಹುದು.

ತಣ್ಣಗಿನ ವಿಮಾನದಿಂದ ಮಂಗಳೂರಿನ ಸೆಕೆಗೆ ಇಳಿದರೆ ಗಾಜಿನ ಮೇಲೆ ಹನಿಗಟ್ಟುತ್ತದೆ. ಒಂದು ಗಂಟೆ ಬ್ಯಾಗಿನ ಜಿಪ್ ಬಿಚ್ಚಬೇಡಿ.