ಸೈಮಾ ಸರೋವರದ ಬಂಡೆಚಿತ್ರಗಳನ್ನು ನಾನು ದಾಖಲಿಸಿದ ಬಗೆ

ಹಿರೇಬೆಣಕಲ್ಲಿನ ಗುಡ್ಡದಲ್ಲಿ ಕಾವಿಬಣ್ಣದ ಪ್ರಾಚೀನ ಚಿತ್ರಗಳ ಛಾಯಾಗ್ರಹಣ ಮಾಡಿ ಅಭ್ಯಾಸವಿದ್ದ ನಾನು, ಫಿನ್ಲೆಂಡಿನ ಸೈಮಾ ಸರೋವರದ ದಡದಲ್ಲಿರುವ ಅಸ್ತುವನ್ಸಾಲ್ಮಿ ಬಂಡೆಯನ್ನು ದಾಖಲಿಸಲು ನಿಶ್ಚಯಿಸಿದಾಗ, ಮೊದಲು ಸರೋವರದ ನಕ್ಷೆಯನ್ನು ಹರಡಿಕೊಂಡು ಕುಳಿತೆ. ಅಲ್ಲಿನ ನೀರಿನ ಚರಿತ್ರೆ ತಿಳಿಯದವರಿಗೆ ಚಿತ್ರಗಳು ಅಷ್ಟು ಎತ್ತರದಲ್ಲಿ ಏಕಿವೆ ಎಂಬುದು ಅರ್ಥವಾಗುವುದಿಲ್ಲ.

ಸುಮಾರು 4,400 ಚದರ ಕಿಲೋಮೀಟರ್ ವಿಸ್ತಾರದ ಸೈಮಾ ಆ ದೇಶದ ಅತಿ ದೊಡ್ಡ ಸರೋವರ. ಆದರೆ ಸಾವಿರಾರು ದ್ವೀಪಗಳೂ ಇಕ್ಕಟ್ಟಾದ ಜಲಸಂಧಿಗಳೂ ಅದನ್ನು ಎಷ್ಟು ಹೋಳಾಗಿಸಿವೆಯೆಂದರೆ, ಎಲ್ಲಿ ನಿಂತರೂ ಅದರ ಒಂದು ತುಣುಕು ಮಾತ್ರ ಕಣ್ಣಿಗೆ ಬೀಳುತ್ತದೆ. ಹಿಮಯುಗದ ಮಂಜುಗಡ್ಡೆ ಕರಗಿ ಭಾರ ಇಳಿದ ಮೇಲೆ ನೆಲ ವಾಯವ್ಯದಲ್ಲಿ ಬೇಗ, ಆಗ್ನೇಯದಲ್ಲಿ ನಿಧಾನವಾಗಿ ಮೇಲೇಳತೊಡಗಿತು. ಓರೆ ಮಾಡಿದ ತಟ್ಟೆಯ ನೀರಿನಂತೆ ಸರೋವರ ಆಗ್ನೇಯದತ್ತ ಏರುತ್ತ ಹೋಗಿ, ಸುಮಾರು 6,000 ವರ್ಷಗಳ ಹಿಂದೆ ಸಾಲ್ಪೌಸ್ಸೆಲ್ಕಾ ಎಂಬ ಜಲ್ಲಿ-ಮರಳಿನ ದಿಣ್ಣೆಯನ್ನು ಇಮಾತ್ರಾದ ಬಳಿ ಒಡೆದು, ವುವೋಕ್ಸಿ ನದಿಯಾಗಿ ಲಡೋಗಾ ಸರೋವರದ ಕಡೆಗೆ ಹರಿಯಿತು. ಆನಂತರ ಸೈಮಾದ ನೀರಿನ ಮಟ್ಟ ಇಳಿಯಿತು.

1968ರಲ್ಲಿ ಪತ್ತೆಯಾದ ಅಸ್ತುವನ್ಸಾಲ್ಮಿಯ ಚಿತ್ರಗಳು ಇಂದಿನ ನೀರಿಗಿಂತ ಸುಮಾರು 8ರಿಂದ 12 ಮೀಟರ್ ಮೇಲಿವೆ. ಬರೆದವರು ದೋಣಿಯಲ್ಲೋ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೋ ನಿಂತು ಬರೆದಿರಬೇಕೆಂದೂ, ಮೇಲಿನವು ಹೆಚ್ಚು ಹಳೆಯವೆಂದೂ ಸಂಶೋಧಕರು ಭಾವಿಸುತ್ತಾರೆ. ಈ ಕಾರಣದಿಂದ, ಕಾಲುದಾರಿಯಿದ್ದರೂ ನಾನು ಬಾಡಿಗೆ ದೋಣಿಗೆ ಹುಟ್ಟುಹಾಕಿಕೊಂಡು ಹೋದೆ. ಪ್ರತಿ ನೆಲೆಯಲ್ಲೂ ನೀರಿನ ಅಂಚು ಸೇರುವಂತೆ ಒಂದು ಅಗಲವಾದ ಚಿತ್ರ ತೆಗೆದ ನಂತರವೇ ಬಿಡಿ ಆಕೃತಿಗಳತ್ತ ತಿರುಗಿದೆ.

ಬಿಸಿಲಿದ್ದರೆ ಅಲೆಗಳ ಪ್ರತಿಫಲನ ಬಂಡೆಯ ಮೇಲೆ ಕುಣಿಯುತ್ತದೆಯಾದ್ದರಿಂದ ಮೋಡ ಕವಿದ ದಿನವನ್ನೇ ಆರಿಸಿಕೊಂಡೆ. ದೋಣಿ ಅಲುಗುವುದರಿಂದ ವೇಗದ ಶಟರ್ ಬೇಕಾಯಿತು. ಸಮೀಪದ ಚಿತ್ರಗಳನ್ನು ದಡಕ್ಕೆ ಹತ್ತಿ, ಟ್ರೈಪಾಡ್ ನಿಲ್ಲಿಸಿ, ಬಣ್ಣದ ಮಾಪಕವನ್ನು ಜೊತೆಗಿಟ್ಟು ತೆಗೆದೆ. ಬಣ್ಣ ಎದ್ದು ಕಾಣಲೆಂದು ಬಂಡೆಗೆ ನೀರು ಚಿಮುಕಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕಾವಿಯನ್ನು ಇಷ್ಟು ಕಾಲ ಕಾಪಾಡಿರುವುದು ಅದರ ಮೇಲೆ ತಾನಾಗಿ ಕಟ್ಟಿಕೊಂಡ ಸಿಲಿಕಾದ ತೆಳು ಪದರ. ಮನೆಗೆ ಬಂದ ಮೇಲೆ ಕೆಂಪು ಛಾಯೆಗಳನ್ನು ಬೇರ್ಪಡಿಸುವ ಡಿಸ್ಟ್ರೆಚ್ ತಂತ್ರಾಂಶದಲ್ಲಿ ನೋಡಿದಾಗ ಮಸುಕಾಗಿದ್ದ ಮೂಸ್ ಎಂಬ ದೊಡ್ಡ ಜಿಂಕೆಗಳೂ ದೋಣಿಗಳೂ ಅಂಗೈ ಗುರುತುಗಳೂ ಬಿಲ್ಲು ಹಿಡಿದ ಹೆಂಗಸಿನ ಆಕೃತಿಯೂ ಸ್ಪಷ್ಟವಾದವು. ಕಬ್ಬಿಣದ ಕಲೆಯೂ ಅದೇ ಬಣ್ಣ ತೋರುವುದರಿಂದ, ಮೂಲ ಛಾಯಾಚಿತ್ರದಲ್ಲೂ ಸುಳಿವಿದ್ದುದನ್ನು ಮಾತ್ರ ಆಕೃತಿಯೆಂದು ಗುರುತಿಸಿದೆ.

ನೀರಿನ ಕಡೆಯಿಂದ ನೋಡಿದರೆ ಬಂಡೆಯೇ ಮನುಷ್ಯನ ಮುಖದಂತೆ ಕಾಣುತ್ತದೆ. ಅದರ ಮುಂದಿನ ನೀರಿನ ತಳದಲ್ಲಿ ಅಂಬರ್ ಎಂಬ, ಕಲ್ಲಿನಂತೆ ಗಟ್ಟಿಯಾದ ಪ್ರಾಚೀನ ಮರದ ಅಂಟಿನಿಂದ ಮಾಡಿದ, ಮನುಷ್ಯ ಮುಖವುಳ್ಳ ಪದಕಗಳು ಮುಳುಗುಗಾರರಿಗೆ ಸಿಕ್ಕಿವೆ. ಅವು ಹರಕೆಯಾಗಿ ನೀರಿಗೆ ಬಿಟ್ಟವೆಂದೇ ನಾನು ನಂಬುತ್ತೇನೆ. ನನ್ನ ದಾಖಲೆಯಲ್ಲಿ ಬಂಡೆಯ ಪುಟದ ಪಕ್ಕದಲ್ಲೇ ಆ ನೀರಿಗೂ ಒಂದು ಪುಟ ಮೀಸಲಿಟ್ಟಿದ್ದೇನೆ.