ಔಟ್‌ಬೋರ್ಡ್ ಎಂಜಿನ್‌ಗೆ ಎಷ್ಟು ಆಕ್ಟೇನ್ ಪೆಟ್ರೋಲ್ ಬೇಕು?

ಬಂದರಿನ ಧಕ್ಕೆಯಲ್ಲಿ ನಾಡದೋಣಿಯ ಮಾಲೀಕರೊಬ್ಬರು, ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ತಮ್ಮ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್‌ಗೆಂದು ಕ್ಯಾನಿನಲ್ಲಿ 100 ಆಕ್ಟೇನ್ ಪೆಟ್ರೋಲ್ ತಂದಿದ್ದರು. ಸಾಮಾನ್ಯ ಪೆಟ್ರೋಲಿಗಿಂತ ಲೀಟರಿಗೆ ಐವತ್ತು ರೂಪಾಯಿಗೂ ಹೆಚ್ಚು ತೆತ್ತಿದ್ದರು. ‘ಯಾಕಣ್ಣ ಇದು?’ ಎಂದು ಕೇಳಿದೆ. ‘ಓಟ ಜೋರಾಗುತ್ತದೆ’ ಎಂದರು. ಒಂದು ವಾರದ ನಂತರ ಮತ್ತೆ ಸಿಕ್ಕಾಗ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಆಕ್ಟೇನ್ ಸಂಖ್ಯೆ ಅಳೆಯುವುದು ಪೆಟ್ರೋಲಿನ ತಾಳ್ಮೆಯನ್ನು. ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಅದುಮಿದಾಗ ಅದು ಬಿಸಿಯೇರುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದ ಮೇಲೆ ಆ ಬೆಂಕಿ ಒಂದು ಕಡೆಯಿಂದ ಕ್ರಮವಾಗಿ ಹರಡಬೇಕು. ತಾಳ್ಮೆಯಿಲ್ಲದ ಪೆಟ್ರೋಲ್, ಬೆಂಕಿ ತನ್ನತ್ತ ಬರುವ ಮೊದಲೇ ಮೂಲೆಯಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಬೈಕಿನಲ್ಲಿ ಚಡಾವು ಹತ್ತುವಾಗ ಕೇಳುವ ಟಕಟಕ ಸದ್ದು ಅದೇ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದೂ ಅದನ್ನೇ. ಐಸೊಆಕ್ಟೇನ್ ಎಂಬ ದ್ರವಕ್ಕೆ 100 ಅಂಕ, ಹೆಪ್ಟೇನ್‌ಗೆ ಸೊನ್ನೆ. ಇವೆರಡನ್ನು 91ಕ್ಕೆ 9ರಂತೆ ಬೆರೆಸಿದರೆ ಎಷ್ಟು ತಾಳುತ್ತದೋ ಅಷ್ಟು ತಾಳುವ ಪೆಟ್ರೋಲಿಗೆ 91 ಎಂಬ ಅಂಕ. ಕಸುವಿನ ಲೆಕ್ಕ ಇದರಲ್ಲಿ ಎಲ್ಲಿಯೂ ಇಲ್ಲ. 91 ಸಾಕು ಎನ್ನುವ ಎಂಜಿನ್‌ಗೆ 100 ಹಾಕಿದರೆ, ಕೆಡುಕೂ ಇಲ್ಲ, ಹೆಚ್ಚಿನ ಓಟವೂ ಇಲ್ಲ.

ಹಾಗೆಂದು ಕಡಿಮೆ ಅಂಕದ್ದನ್ನು ಹಾಕಿ ನೋಡೋಣ ಎನ್ನಬೇಡಿ. ಕಾರಿಗೆ ಘಾಟಿ ಮುಗಿದ ಮೇಲೆ ಇಳಿಜಾರು ಸಿಗುತ್ತದೆ, ದೋಣಿಗೆ ಸಿಗುವುದಿಲ್ಲ. ನೀರನ್ನು ಸೀಳುವ ಎಂಜಿನ್, ತುಂಬಿದ ಲಾರಿ ಚಾರ್ಮಾಡಿ ಹತ್ತಿದಂತೆ ಗಂಟೆಗಟ್ಟಲೆ ಹತ್ತುತ್ತಲೇ ಇರುತ್ತದೆ. ಮೇಲಾಗಿ ಹೊಗೆ ನೀರಿನೊಳಗೆ ಹೋಗುತ್ತದೆ, ಅಲೆ ಮತ್ತು ಗಾಳಿಯ ಗದ್ದಲ ಬೇರೆ. ನಾಕಿಂಗ್ ಸದ್ದು ಕಿವಿಗೆ ಬೀಳುವುದೇ ಕಷ್ಟ. ಕೇಳಿಸುವ ಹೊತ್ತಿಗೆ ಪಿಸ್ಟನ್ ತೂತಾಗಿರಬಹುದು.

ಮೊದಲ ಹೆಜ್ಜೆ: ಕೈಪಿಡಿಯಲ್ಲಿ ಸಂಖ್ಯೆ ಹುಡುಕಿ

ಕೈಪಿಡಿ ಕಳೆದುಹೋಗಿದ್ದರೆ ಎಂಜಿನ್ನಿನ ಮಾದರಿ ಸಂಖ್ಯೆ ಹಿಡಿದು ಕಂಪನಿಯ ಜಾಲತಾಣದಲ್ಲಿ ಹುಡುಕಬಹುದು. ಇಂಧನದ ಪುಟದಲ್ಲಿ ಎರಡು ಸಂಗತಿಗಳನ್ನು ಬರೆದುಕೊಳ್ಳಿ: ಕನಿಷ್ಠ ಆಕ್ಟೇನ್ ಎಷ್ಟು, ಪೆಟ್ರೋಲಿಗೆ ಬೆರೆಸುವ ಮದ್ಯಸಾರವಾದ ಎಥನಾಲ್ ಹೆಚ್ಚೆಂದರೆ ಶೇಕಡಾ ಎಷ್ಟು. ಎರಡನೆಯದನ್ನು ಬಹಳ ಜನ ಓದುವುದೇ ಇಲ್ಲ.

ಎರಡನೆಯ ಹೆಜ್ಜೆ: ಆ ಸಂಖ್ಯೆ ಯಾವ ಅಳತೆಯದು?

ಲೆಕ್ಕ ತಪ್ಪುವುದು ಇಲ್ಲಿ. ಆಕ್ಟೇನ್ ಅಳೆಯಲು ಎರಡು ವಿಧಾನಗಳಿವೆ. ಹಗುರ ಪರೀಕ್ಷೆಯಲ್ಲಿ ಬರುವ ಅಂಕ ಆರ್‌ಒಎನ್. ಮಿಶ್ರಣವನ್ನು ಹೆಚ್ಚು ಬಿಸಿ ಮಾಡಿ, ಎಂಜಿನ್ನನ್ನು ಹೆಚ್ಚು ವೇಗದಲ್ಲಿ ಓಡಿಸಿ ನೋಡುವ ಕಠಿಣ ಪರೀಕ್ಷೆಯದು ಎಂಒಎನ್. ಭಾರತ ಮತ್ತು ಯುರೋಪಿನಲ್ಲಿ ಮಾತಾಡುವುದು ಆರ್‌ಒಎನ್ ಭಾಷೆಯಲ್ಲಿ. ಅಮೆರಿಕದ ಬಂಕುಗಳಲ್ಲಿ ಎರಡರ ಸರಾಸರಿಯನ್ನು ಬರೆಯುತ್ತಾರೆ. 2020ರಲ್ಲಿ ದೇಶದಾದ್ಯಂತ ಜಾರಿಯಾದ ನಮ್ಮ ಬಿಎಸ್-6 ಮಾನಕದಲ್ಲಿ ಸಾಮಾನ್ಯ ಪೆಟ್ರೋಲಿಗೆ ಆರ್‌ಒಎನ್ ಕನಿಷ್ಠ 91, ಎಂಒಎನ್ 81 ಎಂದಿತ್ತು. ಅಮೆರಿಕದ ಲೆಕ್ಕದಲ್ಲಿ ಇದು 86. ಪ್ರೀಮಿಯಂ ಪೆಟ್ರೋಲಿನ 95 ಮತ್ತು 85 ಅಲ್ಲಿ 90 ಆಗುತ್ತದೆ. ಅಮೆರಿಕದ ಅಂಕಕ್ಕೆ ನಾಲ್ಕೈದು ಕೂಡಿಸಿದರೆ ನಮ್ಮ ಅಂಕ ಎಂದಿಟ್ಟುಕೊಳ್ಳಿ.

ಅಮೆರಿಕದ ಮಾರುಕಟ್ಟೆಗೆಂದು ಅಚ್ಚಾದ ಕೈಪಿಡಿಯಲ್ಲಿ 87 ಎಂದಿದ್ದರೆ ಅದು ನಮ್ಮ 91ರ ಆಸುಪಾಸು; ಸಣ್ಣ ಮತ್ತು ಮಧ್ಯಮ ಗಾತ್ರದ ಎಂಜಿನ್‌ಗಳಲ್ಲಿ ಹೆಚ್ಚಿನವು ಇಷ್ಟನ್ನೇ ಕೇಳುತ್ತವೆ. ಆದರೆ ಕೆಲವು ದೊಡ್ಡ ಎಂಜಿನ್‌ಗಳ ಕೈಪಿಡಿಯಲ್ಲಿ 89 ಎಂದಿರುತ್ತದೆ. ಅದನ್ನು ಓದಿ, ಬಂಕಿನಲ್ಲಿ 91 ಕಂಡು, ‘ಎರಡು ಹೆಚ್ಚೇ ಇದೆ’ ಎಂದು ತುಂಬಿಸಿಕೊಂಡು ಬಂದರೆ ಕಡಿಮೆ ತಾಳ್ಮೆಯ ಪೆಟ್ರೋಲ್ ಹಾಕಿದಂತೆಯೇ. ಅಂಥ ಎಂಜಿನ್‌ಗೆ ನಮ್ಮಲ್ಲಿ 95 ಬೇಕು. ಪ್ರೀಮಿಯಂ ಪೆಟ್ರೋಲಿಗೆ ಕೊಡುವ ಹಣ ಸಾರ್ಥಕವಾಗುವುದು ಇಂಥ ಕಡೆ.

ಮೂರನೆಯ ಹೆಜ್ಜೆ: ಎಥನಾಲ್ ಪರೀಕ್ಷೆ

ಈಗ ನಮ್ಮ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲಿನ ಆರ್‌ಒಎನ್ ಸುಮಾರು 108; ಆದ್ದರಿಂದ ಅದು ಬೆರೆತಷ್ಟೂ ಆಕ್ಟೇನ್ ಏರುತ್ತದೆ. ಅಂಕ ಮಾತ್ರ ನೋಡುವವರಿಗೆ ಇದು ಲಾಭದಂತೆ ಕಾಣುತ್ತದೆ. ಆದರೆ ಯಮಹಾ, ಮರ್ಕ್ಯುರಿಯಂಥ ಕಂಪನಿಗಳ ಔಟ್‌ಬೋರ್ಡ್ ಕೈಪಿಡಿಗಳು ಹೇಳುವ ಎಥನಾಲ್ ಮಿತಿ ಸಾಮಾನ್ಯವಾಗಿ ಶೇ 10. ಎಥನಾಲಿಗೆ ಉರಿಯಲು ಕಡಿಮೆ ಗಾಳಿ ಸಾಕು. ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಕಾರ್ಬುರೇಟರಿಗೆ ಇದು ಗೊತ್ತಾಗುವುದಿಲ್ಲ. ಇಂಧನವನ್ನು ತನ್ನ ಅಳತೆಯಂತೆಯೇ ಬಿಡುತ್ತದೆ, ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯೇರುತ್ತದೆ. ಹಳೆಯ ರಬ್ಬರ್ ಪೈಪು, ಸೀಲುಗಳೂ ಮೆತ್ತಗಾಗುತ್ತವೆ.

ನಿಮ್ಮ ಕ್ಯಾನಿನಲ್ಲಿ ಎಷ್ಟಿದೆ ಎಂದು ನೋಡಲು ಪ್ರಯೋಗಾಲಯ ಬೇಡ. ಗುರುತು ಹಾಕಿದ 100 ಮಿಲಿಲೀಟರಿನ ಗಾಜಿನ ಅಳತೆ ಕೊಳವೆಯಲ್ಲಿ 10 ಮಿ.ಲೀ. ನೀರು ಹಾಕಿ, ಮೇಲೆ 90 ಮಿ.ಲೀ. ಪೆಟ್ರೋಲ್ ಸುರಿಯಿರಿ. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ ಹತ್ತು ನಿಮಿಷ ನಿಲ್ಲಿಸಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರನ್ನು ಸೇರುತ್ತದೆ. ತಳದ ಪದರ 10ರಲ್ಲೇ ನಿಂತಿದ್ದರೆ ಎಥನಾಲ್ ಇಲ್ಲ. 19ರ ಹತ್ತಿರ ಬಂದರೆ ಶೇ 10, 28ರ ಹತ್ತಿರವಾದರೆ ಶೇ 20. ಇದನ್ನು ಬಯಲಿನಲ್ಲಿ, ಬೀಡಿ, ಒಲೆಗಳಿಂದ ದೂರ ಮಾಡಬೇಕು ಎಂದು ಬೇರೆ ಹೇಳಬೇಕಿಲ್ಲ, ಆದರೂ ಹೇಳಿದ್ದೇನೆ.

ಹತ್ತಿರದ ಎರಡು ಮೂರು ಬಂಕುಗಳ ಸಾಮಾನ್ಯ ಮತ್ತು ಪ್ರೀಮಿಯಂ ಪೆಟ್ರೋಲನ್ನು ಹೀಗೆ ನೋಡಿ, ಎಥನಾಲ್ ಕಡಿಮೆ ಇರುವುದನ್ನು ಆರಿಸಿಕೊಳ್ಳಿ. ಎಲ್ಲಿಯೂ ಸಿಗದಿದ್ದರೆ ನಿಮ್ಮ ಮಾದರಿಗೆ ಶೇ 20 ನಡೆಯುತ್ತದೆಯೇ ಎಂದು ಡೀಲರ್‌ ಬಳಿ ಲಿಖಿತವಾಗಿ ಕೇಳಿ. ವಾರಂಟಿಯ ಮಾತು ಬಂದಾಗ ಬಾಯಿಮಾತು ನಿಲ್ಲುವುದಿಲ್ಲ.

ನಾಲ್ಕನೆಯ ಹೆಜ್ಜೆ: ಸೀಮೆಎಣ್ಣೆಯನ್ನು ದೂರವಿಡಿ

ನಮ್ಮ ಕರಾವಳಿಯ ನಾಡದೋಣಿಗಳು ಬಹುಕಾಲದಿಂದ ಪರ್ಮಿಟ್ ಮೇಲೆ ಸಿಗುವ ರಿಯಾಯಿತಿ ಸೀಮೆಎಣ್ಣೆಯಲ್ಲಿ ಓಡಿದವು. ಆ ಎಂಜಿನ್‌ಗಳೇ ಬೇರೆ: ಅದುಮುವ ಒತ್ತಡ ಕಡಿಮೆ, ಪೆಟ್ರೋಲಿನಲ್ಲಿ ಚಾಲೂ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಬೇಕು. ಸೀಮೆಎಣ್ಣೆಯ ಆಕ್ಟೇನ್ ಪೆಟ್ರೋಲಿನ ಮುಂದೆ ಏನೂ ಅಲ್ಲ. ಹೊಸದಾಗಿ ಪೆಟ್ರೋಲ್ ಎಂಜಿನ್ ಕೊಂಡವರು ಮನೆಯಲ್ಲಿ ಉಳಿದ ಸೀಮೆಎಣ್ಣೆಯನ್ನು ‘ಸ್ವಲ್ಪವೇ’ ಎಂದು ಬೆರೆಸುವುದನ್ನು ನೋಡಿದ್ದೇನೆ. ಆ ಉಳಿತಾಯಕ್ಕೆ ಹೊಸ ಪಿಸ್ಟನ್ ಬರುವುದಿಲ್ಲ.

ಐದನೆಯ ಹೆಜ್ಜೆ: ಪ್ಲಗ್ ಬಿಚ್ಚಿ ನೋಡಿ

ಹತ್ತಿಪ್ಪತ್ತು ಗಂಟೆ ಓಡಿದ ಮೇಲೆ ಸ್ಪಾರ್ಕ್ ಪ್ಲಗ್‌ನ ಬಿಳಿ ಪಿಂಗಾಣಿಯನ್ನು ಗಮನಿಸಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆ ಅಥವಾ ಹೊಳೆಯುವ ಲೋಹದ ಸಣ್ಣ ಹನಿಗಳಿದ್ದರೆ ಒಳಗೆ ನಾಕಿಂಗ್ ನಡೆದಿದೆ. ಆಗ ಪೆಟ್ರೋಲನ್ನು ಬೈಯುವ ಮೊದಲು ಪ್ರೊಪೆಲ್ಲರ್ ನೋಡಿ. ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ 5000ದಿಂದ 6000 ಸುತ್ತು ಬರಬೇಕೆಂದು ಕೈಪಿಡಿ ಹೇಳುವಾಗ ಎಂಜಿನ್ 4500ಕ್ಕೇ ಏದುಸಿರು ಬಿಡುತ್ತಿದ್ದರೆ, ಮೂರನೆಯ ಗೇರಿನಲ್ಲಿ ಘಾಟಿ ಹತ್ತಿಸಿದಂತೆ. ಪಿಚ್, ಅಂದರೆ ಒಂದು ಸುತ್ತಿಗೆ ಮುಂದೊಯ್ಯುವ ದೂರ, ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿದರೆ ಅದೇ ಪೆಟ್ರೋಲಿನಲ್ಲಿ ಕಾಯಿಲೆ ವಾಸಿಯಾಗಬಹುದು. ಆಕ್ಟೇನ್ ಬೂಸ್ಟರ್ ಎಂದು ಮಾರುವ ಬಾಟಲಿಗಳ ಹಣವನ್ನು ಇದಕ್ಕೆ ಬಳಸಿ.

ಆರನೆಯ ಹೆಜ್ಜೆ: ನೀರು ಸೇರದಂತೆ ನೋಡಿಕೊಳ್ಳಿ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಹೀಗಾಗಿ 9.9ರ ಎಂಜಿನ್ ದುಡಿಯುವುದು ಗಾಳಿಯೇ ಒದ್ದೆಯಾಗಿರುವ ದಿನಗಳಲ್ಲಿ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಒಂದು ಮಿತಿಯವರೆಗೆ ಹೀರಿಕೊಂಡು, ಅದು ಮೀರಿದೊಡನೆ ನೀರು ಮತ್ತು ಎಥನಾಲನ್ನು ಒಟ್ಟಾಗಿ ತಳಕ್ಕೆ ಬಿಡುತ್ತದೆ. ಎಂಜಿನ್ ಮೊದಲು ಹೀರುವುದು ಆ ತಳವನ್ನೇ. ಮೇಲೆ ಉಳಿದ ಪೆಟ್ರೋಲೋ, ಎಥನಾಲ್ ತಂದುಕೊಟ್ಟಿದ್ದ ಆಕ್ಟೇನನ್ನು ಕಳೆದುಕೊಂಡಿರುತ್ತದೆ. ಬಂಕಿನಲ್ಲಿ ಸರಿಯಾದ ಅಂಕ ನೋಡಿ ತಂದದ್ದು ಟ್ಯಾಂಕಿನಲ್ಲಿ ಹೀಗೆ ಇಳಿಯುತ್ತದೆ.

ಎರಡು ವಾರಕ್ಕೆ ಬೇಕಾದಷ್ಟನ್ನೇ ತನ್ನಿ. ಟ್ಯಾಂಕನ್ನು ಅರ್ಧ ಖಾಲಿ ಬಿಟ್ಟು ಮಳೆಯಲ್ಲಿ ಇಡಬೇಡಿ. ನೀರು ಬೇರ್ಪಡಿಸುವ ಫಿಲ್ಟರ್ ಒಂದನ್ನು ಎಂಜಿನ್ನಿಗೂ ಟ್ಯಾಂಕಿಗೂ ನಡುವೆ ಹಾಕಿಸಿ. ವಾರಗಟ್ಟಲೆ ದೋಣಿ ಇಳಿಸುವುದಿಲ್ಲ ಎಂದಾದರೆ ಇಂಧನದ ಪೈಪು ಕಳಚಿ, ಕಾರ್ಬುರೇಟರಿನ ತಳದ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಬಸಿಯಿರಿ.

ಹಾಗೆ ಉಳಿದ ಪೆಟ್ರೋಲ್ ತಿಳಿಯಾಗಿದ್ದರೆ ಬೈಕಿಗೆ ಹಾಕಿ ಮುಗಿಸಬಹುದು. ಆದರೆ ಟು-ಸ್ಟ್ರೋಕ್ ಎಂಜಿನ್‌ಗೆಂದು ಲೀಟರಿಗೆ 20 ಮಿ.ಲೀ.ನಂತೆ ಆಯಿಲ್ ಬೆರೆಸಿದ್ದರೆ ಬೈಕಿನ ತಂಟೆಗೆ ಹೋಗಬೇಡಿ. ಕ್ಯಾನಿನ ಮೇಲೆ ಬೆರೆಸಿದ ದಿನಾಂಕ ಬರೆದಿಟ್ಟು, ಮುಂದಿನ ಸಲ ದೋಣಿಗೇ ಮೊದಲು ಅದನ್ನು ಸುರಿಯಿರಿ.